ಎಂಟನೇ ಪ್ರಶ್ನೆ

ಮಾರ್ಚ್ 3, ಸೋಮವಾರ

ಬೀಜದ ಕಂಪನಿಯವರು ಬಿಟ್ಟಿ ಕೊಟ್ಟ ಡೈರಿ ಇದು. ಪ್ರತಿ ವರ್ಷ ಕೊಡುತ್ತಾರೆ, ಪ್ರತಿ ವರ್ಷ ಮೇಜು ಅಲುಗಾಡದಂತೆ ಅದರ ಕಾಲಿನ ಕೆಳಗೆ ಇಡುತ್ತೇನೆ. ಈ ಸಲ ಬರೆಯೋಣ ಅನ್ನಿಸಿತು. ಊಟದ ಹೊತ್ತಿನಲ್ಲಿ ಮಾತಿಗೆ ಸಿಗುತ್ತಿದ್ದ ಟೈಪಿಸ್ಟ್ ನಿವೃತ್ತನಾದ. ಮನೆಯಲ್ಲಿ ಆಫೀಸಿನ ವಿಷಯ ಎತ್ತಿದರೆ ನನ್ನಾಕೆ ಟಿ.ವಿ. ಸದ್ದು ಜಾಸ್ತಿ ಮಾಡುತ್ತಾಳೆ.

ಇವತ್ತು ಮೇಲಿನಿಂದ ಸುತ್ತೋಲೆ ಬಂತು. ಕೃಷಿ ಸಹಾಯಧನ ಇನ್ನು ಮುಂದೆ ಜಮೀನು ಯಾರ ಹೆಸರಿನಲ್ಲಿದೆಯೋ ಅವರಿಗಲ್ಲ, ಯಾರು ಉಳುತ್ತಾರೋ ಅವರಿಗೆ. ನಮ್ಮ ಆಫೀಸಿನ ವ್ಯಾಪ್ತಿಯಲ್ಲಿ ಸಹಾಯಧನ ತೆಗೆದುಕೊಳ್ಳುವವರು ನಾನೂರ ಹನ್ನೆರಡು ಮಂದಿ. ಪ್ರತಿ ಹೊಲಕ್ಕೂ ಹೋಗಿ, ಅಲ್ಲಿ ದುಡಿಯುವವರು ಯಾರೆಂದು ಕಣ್ಣಾರೆ ನೋಡಿ, ಹೊಸ ಪಟ್ಟಿ ಮಾಡಿ, ಪ್ರತಿ ವರ್ಷದ ಹಾಗೆ ಹೆಸರು, ಮೊತ್ತ ಸಮೇತ ಏಪ್ರಿಲ್ ಒಂದಕ್ಕೆ ಹೊರಗಿನ ಗೋಡೆಗೆ ಅಂಟಿಸಬೇಕು. ಮಾಡಬೇಕಾದವರು ಇಬ್ಬರೇ. ಗುಮಾಸ್ತನಾದ ನಾನು, ಮತ್ತೆ ಹೋದ ತಿಂಗಳು ಅಧಿಕಾರಿಯಾಗಿ ಬಂದ ಹೊಸ ಮೇಡಂ. ಮೇಡಂ ವಯಸ್ಸು ನನ್ನ ಸರ್ವೀಸಿನಷ್ಟೂ ಇಲ್ಲ.

ಮಂಡಿ ಬೇಡ ಅನ್ನುತ್ತಿದೆ, ಮನಸ್ಸು ಮಾತ್ರ ಖುಷಿಯಾಗಿದೆ. ಚಪ್ಪಲಿಗೆ ಮಣ್ಣು ತಾಗಿಸಿಕೊಳ್ಳದ ಜನ ರೈತರೆಂದು ಸಹಿ ಹಾಕಿ ದುಡ್ಡು ಎಣಿಸಿಕೊಳ್ಳುವುದನ್ನು ಇಪ್ಪತ್ತೊಂಬತ್ತು ವರ್ಷದಿಂದ ನೋಡಿದ್ದೇನೆ. ಹಲ್ಲಿನ ಡಾಕ್ಟರು, ಬಟ್ಟೆ ಅಂಗಡಿಯವರು, ಒಂದು ಟೂರಿಸ್ಟ್ ಬಸ್ಸಿನ ಮಾಲೀಕರು. ಬೇರೆಯವರು ಬೆವರು ಸುರಿಸುತ್ತಾರೆ, ಇವರು ಹಣ ಬಾಚಿಕೊಳ್ಳುತ್ತಾರೆ. ಒಬ್ಬೊಬ್ಬರ ಹೆಸರನ್ನೂ ಕೆಂಪು ಶಾಯಿಯಲ್ಲಿ ಹೊಡೆಯುತ್ತೇನೆ.

ಮಾರ್ಚ್ 6, ಗುರುವಾರ

ಮೂರು ದಿನಕ್ಕೆ ನಲವತ್ತೊಂದು ಹೊಲ. ಕಾಲು ನನ್ನದು ಅನ್ನಿಸುತ್ತಿಲ್ಲ.

ನಮೂನೆಯಲ್ಲಿ ಏಳು ಪ್ರಶ್ನೆಗಳಿವೆ. ಯಾವ ಬೆಳೆ, ಯಾವತ್ತು ಬಿತ್ತಿದ್ದು, ಬೀಜ ಎಲ್ಲಿಂದ ತಂದದ್ದು, ಹೀಗೆ. ಹಲ್ಲಿನ ಡಾಕ್ಟರು ಬಿಳಿ ಬೂಟು ಹಾಕಿಕೊಂಡು ಬಂದು ಹೊಲದ ಅಂಚಿನಲ್ಲಿ ನಿಂತು ಏಳಕ್ಕೂ ಪಟಪಟ ಉತ್ತರ ಹೇಳಿದರು. ಯಾರೋ ಬರೆದುಕೊಟ್ಟದ್ದು. ಮೇಡಂ ಎಲ್ಲವನ್ನೂ ಬರೆದುಕೊಂಡರು. ನನಗೆ ಮೈ ಉರಿಯಿತು. ನಮ್ಮ ಕಡೆಯ ಭೂಮಿ ನನಗೆ ಗೊತ್ತು, ಪ್ರತಿ ಹೊಲದಲ್ಲೂ ಎಲ್ಲೋ ಒಂದು ಕಡೆ ಹೂತ ಬಂಡೆ ಇದ್ದೇ ಇರುತ್ತದೆ.

"ಡಾಕ್ಟ್ರೇ, ಉಳುವಾಗ ನಿಮ್ಮ ಹೊಲದಲ್ಲಿ ಕಲ್ಲು ಎಲ್ಲಿ ತಾಗುತ್ತೆ?" ಅಂದೆ.

"ಕಲ್ಲಾ? ಕಲ್ಲೇ ಇಲ್ಲ. ಬೆಣ್ಣೆ ಇದ್ದ ಹಾಗಿದೆ ನಮ್ಮ ಭೂಮಿ."

ಹಿಂದೆ ಗೊಬ್ಬರ ಹರಡುತ್ತಿದ್ದ ಆಳು ನಗು ತಡೆಯಲಾರದೆ ಕೆಮ್ಮಿದ. ನಾನು ಅವನ ಮುಖ ನೋಡಿದೆ. ಅವನು ಗದ್ದದಿಂದಲೇ ಒಂದು ಕಡೆ ತೋರಿಸಿದ. ಅಲ್ಲಿಗೆ ಹೋಗಿ ಕಬ್ಬಿಣದ ಸರಳು ಚುಚ್ಚಿದೆ. ಗೇಣು ಇಳಿಯುವುದರೊಳಗೆ ಠಣ್ ಅಂತು.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಈ ಡಾಕ್ಟರಿಗೆ ಎರಡೂ ಬೇಕು. ಹೆಸರು ಹೊಡೆದು ಆಳಿನ ಹೆಸರು ಬರೆಸಿದೆ. ಮೇಡಂ ಜೀಪಿನಲ್ಲಿ ನಕ್ಕಿದ್ದೇ ನಕ್ಕಿದ್ದು. "ಸರ್, ಇದನ್ನ ಎಂಟನೇ ಪ್ರಶ್ನೆ ಅಂತ ನಮೂನೆಗೇ ಸೇರಿಸೋಣ. ಸರಳು ಚುಚ್ಚಿ ನೋಡೋದೂ ಇರಲಿ" ಅಂದರು. ಇಷ್ಟು ವರ್ಷದಲ್ಲಿ ನನ್ನ ತಲೆಯಿಂದ ಬಂದದ್ದೊಂದು ಸರ್ಕಾರಿ ಕಾಗದಕ್ಕೆ ಏರಿತು.

ಮಾರ್ಚ್ 9, ಭಾನುವಾರ

ಬಸ್ಸಿನಲ್ಲಿ ನನ್ನ ಹೊಲಕ್ಕೆ ಹೋಗಿಬಂದೆ. ಅಪ್ಪ ಹೋದಮೇಲೆ ಜಮೀನು ನನ್ನ ಹೆಸರಿಗಾಯಿತು. ಕಾಗದಪತ್ರ ತಿಳಿದವನು ನಾನೇ ಆದ್ದರಿಂದ ಅಕ್ಕನೇ ಹಾಗೆ ಮಾಡಿಸು ಅಂದಿದ್ದಳು. ಅವಳು ಅಲ್ಲೇ ಚಿಕ್ಕ ಮನೆಯಲ್ಲಿ ಇದ್ದುಕೊಂಡು ಹೊಲ ನೋಡಿಕೊಳ್ಳುತ್ತಾಳೆ. ಗಂಡ ತೀರಿಕೊಂಡ ವರ್ಷವೇ ತವರಿಗೆ ತಿರುಗಿ ಬಂದವಳು, ಈಗ ಅರವತ್ತೊಂದು. ಈ ಸಲ ಆಲೂಗಡ್ಡೆ ಹಾಕಿದ್ದಾಳೆ.

ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತು ಚಹಾ ಕುಡಿದೆ. ಹಲ್ಲಿನ ಡಾಕ್ಟರ ಕಥೆ ಹೇಳಿದೆ. ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ, "ಪುಟ್ಟ, ಗೋಡೆ ಮೇಲೆ ಅಂಟಿಸ್ತೀರಲ್ಲ ಪಟ್ಟಿ, ಅದರಲ್ಲಿ ನನ್ನ ಹೆಸರು ಬರೋಕೆ ಏನು ಮಾಡಬೇಕು?" ಅಂದಳು.

"ನಿನಗ್ಯಾಕೆ ಅದು?"

"ಪಟ್ಟಿಲಿ ಇರೋರಿಗೆ ಟಿಲ್ಲರ್ ಅರ್ಧ ಬೆಲೆಗೆ ಕೊಡ್ತಾರಂತೆ. ಈ ಬಲಗೈ ಮೇಲಕ್ಕೆ ಎತ್ತಕ್ಕಾಗಲ್ಲ ಕಣೋ. ಮುಂದಿನ ಸಲ ಅಗೆಯೋಕೆ ನನ್ನ ಕೈಲಿ ಆಗೋ ಹಾಗೆ ಕಾಣೆ."

ಬಸ್ಸಿನಲ್ಲಿ ಯಾರೋ ತಲೆ ತುಂಬಿರಬೇಕು. ನೋಡೋಣ ಬಿಡು, ಮುಂದಿನ ವರ್ಷ ಅಂದೆ. ಮನೆಯ ಮಾಡು ಸೋರುತ್ತಿದೆ, ಈ ವರ್ಷದ ದುಡ್ಡು ಅದಕ್ಕೆ ಅಂತ ನನ್ನಾಕೆಗೆ ಮಾತು ಕೊಟ್ಟಾಗಿದೆ. ಅಕ್ಕನಿಗೆ ಖರ್ಚಾದರೂ ಏನಿದೆ.

ಅರ್ಧ ಮೂಟೆ ಆಲೂಗಡ್ಡೆ ಕೊಟ್ಟು ಕಳಿಸಿದಳು. ಬಸ್ಸಿಗೆ ಏರಿಸುವಾಗ ಎಡಗೈಯಲ್ಲೇ ಎತ್ತಿದಳು.

ಮಾರ್ಚ್ 12, ಬುಧವಾರ

ನೂರ ಹದಿನೆಂಟು ಆಯಿತು. ಹತ್ತೊಂಬತ್ತು ಹೆಸರು ಹೊಡೆದೆ. ಬಟ್ಟೆ ಅಂಗಡಿಯವರು ಆಫೀಸಿನ ಮೆಟ್ಟಿಲ ಮೇಲೆ ನಿಂತು, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಎಲ್ಲರಿಗೂ ಕೇಳುವ ಹಾಗೆ ಬೈದರು. ಕೇಳಿಸದವನ ಹಾಗೆ ಡಬ್ಬಿ ಬಿಚ್ಚಿ ಊಟ ಮಾಡಿದೆ. ಸುಸ್ತು.

ಮಾರ್ಚ್ 14, ಶುಕ್ರವಾರ

ಮೇಡಂ ಪಟ್ಟಿ ತಿರುವುತ್ತಾ ಇನ್ನೂರ ಮೂರನೇ ಸಾಲಿಗೆ ಬಂದು ನಿಂತರು. "ಸರ್, ಇದು ನೀವೇನಾ?"

"ಹೌದು ಮೇಡಂ. ಸ್ವಲ್ಪ ಜಮೀನಿದೆ."

"ಸಿಬ್ಬಂದಿಯ ಹೊಲವಾದರೆ ಎಲ್ಲವನ್ನೂ ನಾನೇ ಕೇಳಿ ನೋಡಬೇಕಂತೆ, ಸುತ್ತೋಲೆಯಲ್ಲಿದೆ. ಬುಧವಾರ ಹೋಗಿಬಿಡೋಣ. ನಿಮ್ಮದು ಬರೀ ಶಾಸ್ತ್ರ ಬಿಡಿ ಸರ್, ಎಂಟನೇ ಪ್ರಶ್ನೆ ಕಂಡುಹಿಡಿದವರೇ ನೀವು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದಲ್ಲ. ನನ್ನ ವಿಷಯ ಬೇರೆ. ಡಾಕ್ಟರು ಕೂಲಿಯವನನ್ನು ಇಟ್ಟಿದ್ದಾರೆ. ನನ್ನದು ಒಡಹುಟ್ಟಿದವಳು. ಒಂದೇ ಮನೆಯಲ್ಲಿ ಎಡಗೈಯಿಂದ ಬಲಗೈಗೆ ಹೋದ ಹಾಗೆ. ಹನ್ನೊಂದು ವರ್ಷದಿಂದ 'ನಾನೇ ಉಳುತ್ತೇನೆ' ಅಂತ ಸಹಿ ಹಾಕಿದ್ದೇನೆ, ಯಾರೂ ಕೇಳಿಲ್ಲ. ಆದರೂ ಭಾನುವಾರ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಮಾರ್ಚ್ 16, ಭಾನುವಾರ

ಪರೀಕ್ಷೆಗೆ ಓದಿದ ಹಾಗೆ ಓದಿದೆ. ಅಕ್ಕ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಚೀಟಿಯಲ್ಲಿ ಬರೆದುಕೊಂಡೆ. ಬಿತ್ತಿದ್ದು ಡಿಸೆಂಬರ್ ಎಂಟು. ಬೀಜ ಸೊಸೈಟಿಯಿಂದ ತಂದದ್ದಲ್ಲ, ಹೋದ ವರ್ಷದ್ದೇ ಆರಿಸಿ ಇಟ್ಟದ್ದು. ಮಣ್ಣು ಏರಿಸಿದ್ದು ಎರಡು ಸಲ. ನೀರು ನಾಲ್ಕು ದಿನಕ್ಕೊಮ್ಮೆ, ಬೆಳಗಿನ ಹೊತ್ತು.

"ಯಾಕೋ ಇಷ್ಟೆಲ್ಲ ಬರ್ಕೋತಿದ್ದೀಯ?"

ಹೇಳಿದೆ. ಬುಧವಾರ ಮೇಡಂ ಬರುತ್ತಾರೆ, ಹೊಲ ಮಾಡುವವನು ನಾನು ಅಂತ ತೋರಿಸಬೇಕು, ಇಲ್ಲದಿದ್ದರೆ ನನ್ನ ನೌಕರಿಗೇ ಸಂಚಕಾರ ಅಂದೆ. ಅಕ್ಕ ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದಳು. ಆಮೇಲೆ ಒಂದು ಗಿಡ ಕಿತ್ತು ತೋರಿಸಿ, "ಎಲೆ ಅಡಿ ನೋಡು. ಈ ಚುಕ್ಕೆ ಕಂಡ್ರೆ ಮದ್ದು ಹೊಡೀಬೇಕು. ಅದನ್ನೂ ಕೇಳಿದ್ರೆ ಹೇಳು" ಅಂದಳು.

ಸಂಜೆಯವರೆಗೆ ಏಳೂ ಪ್ರಶ್ನೆ ಬಾಯಿಪಾಠ ಮಾಡಿಸಿದಳು. ತಪ್ಪಿದರೆ ಚಿಕ್ಕಂದಿನಲ್ಲಿ ಮಗ್ಗಿ ಹೇಳಿಸುತ್ತಿದ್ದ ಹಾಗೆಯೇ ಮೊದಲಿಂದ ಶುರು ಮಾಡಿಸುತ್ತಿದ್ದಳು. ಎಂಟನೆಯದನ್ನು ಕೇಳಲಿಲ್ಲ, ಅದು ಗೊತ್ತಿದ್ದದ್ದೇ. ಬಾವಿಯ ಹತ್ತಿರದ ಮೂಲೆ. ಅಪ್ಪನ ನೇಗಿಲು ಅಲ್ಲಿ ಮುರಿದದ್ದನ್ನು ನಾನೇ ಕಂಡಿದ್ದೇನೆ.

ಮಾರ್ಚ್ 19, ಬುಧವಾರ

ಇವತ್ತಿನದನ್ನು ಬರೆಯುವುದೋ ಬೇಡವೋ ಅಂತ ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ.

ಏಳಕ್ಕೆ ಏಳೂ ಸರಿ ಹೇಳಿದೆ. ಎಲೆಯ ಅಡಿಯ ಚುಕ್ಕೆಯನ್ನೂ ಸೇರಿಸಿದೆ. ಮೇಡಂ ಮೆಚ್ಚಿ ತಲೆದೂಗಿದರು. ಅಕ್ಕ ಬದುವಿನ ಮೇಲೆ ಬುಟ್ಟಿ ಹಿಡಿದು, ಕೂಲಿಯವಳ ಹಾಗೆ ನಿಂತಿದ್ದಳು. "ಇವರು?" ಅಂತ ಮೇಡಂ ಕೇಳಿದಾಗ "ಅಕ್ಕ, ಸಹಾಯಕ್ಕೆ ಇದ್ದಾರೆ" ಅಂದೆ.

"ಸರಿ ಸರ್, ಇನ್ನು ನಿಮ್ಮ ಪ್ರಶ್ನೆ" ಅಂತ ನಕ್ಕು ಮೇಡಂ ಸರಳು ತೆಗೆದುಕೊಂಡರು. ನಾನು ಮುಂದೆ ನಡೆದು ಬಾವಿ ಮೂಲೆ ತೋರಿಸಿದೆ. "ಇಲ್ಲೇ ಮೇಡಂ. ಎಮ್ಮೆ ಮಲಗಿದಷ್ಟು ದೊಡ್ಡದು."

ಸರಳು ಇಳಿಯಿತು. ಸದ್ದೇ ಇಲ್ಲ. ಮೇಡಂ ಎರಡು ಹೆಜ್ಜೆ ಸರಿದು ಚುಚ್ಚಿದರು, ಅಲ್ಲೂ ಹಿಡಿಯವರೆಗೆ ಇಳಿಯಿತು. ನಾನೇ ಕಿತ್ತುಕೊಂಡು ನಾಲ್ಕು ಕಡೆ ಚುಚ್ಚಿದೆ. ಬೆಣ್ಣೆ. ಡಾಕ್ಟರು ಹೇಳಿದ ಬೆಣ್ಣೆ.

ಮೇಡಂ ನಗು ನಿಲ್ಲಿಸಿ ನನ್ನ ಮುಖ ನೋಡಿದರು.

ಅಕ್ಕ ಬುಟ್ಟಿ ಇಳಿಸಿ ಬಂದಳು. "ಅಯ್ಯೋ ಇವನ ಮರೆವೇ! ಮೇಡಂ, ಆ ಕಲ್ಲು ತೆಗೆಸಿದ್ದು ಇವನೇ. ಜನ ಕರ್ಕೊಂಡು ಬಂದು ನಿಂತು ತೆಗೆಸಿದ. ಆಫೀಸು, ಓಡಾಟ, ಬಿಸಿಲು ಬೇರೆ, ತಲೇಲಿ ಏನು ನಿಲ್ಲುತ್ತೆ ಪಾಪ." ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆ ಅಂತ ನನಗೇ ಗೊತ್ತಿರಲಿಲ್ಲ. ಮೇಡಂ ಏನನ್ನೋ ಬರೆದು, ಸಹಿ ಹಾಕಿ ಜೀಪಿಗೆ ಹೋದರು. ಸರ್ ನೀವು ನಿಧಾನಕ್ಕೆ ಬಸ್ಸಲ್ಲಿ ಬನ್ನಿ ಅಂದರು.

ನಾನು ಬಾಗಿಲ ಪಕ್ಕ ಕೂತೆ.

"ಯಾರು ತೆಗೆದದ್ದಕ್ಕ ಅದನ್ನ?"

"ಇನ್ಯಾರು, ನಾನೇ. ಎರಡು ಚಳಿಗಾಲ ಹಿಡೀತು. ಸುತ್ತ ಬೆಂಕಿ ಹಾಕಿ, ನೀರು ಸುರಿದು, ಒಡೆದು ಒಡೆದು ತೆಗೆದೆ. ಈ ಭುಜ ಹೋಗಿದ್ದು ಅದರಲ್ಲೇ."

"ಯಾವಾಗ?"

"ಎಂಟು ವರ್ಷ ಆಯ್ತೇನೋ. ದೊಡ್ಡ ಚೂರು ಒಂದು ಉಳೀತು ನೋಡು, ಉರುಳಿಸ್ಕೊಂಡು ಬಂದು ಇಲ್ಲಿ ಹಾಕಿದೆ. ನೀನು ಬಂದ್ರೆ ಕೂರೋಕೆ ಏನೂ ಇರಲಿಲ್ಲ."

ಎದ್ದು ನಿಂತೆ. ಎಂಟು ವರ್ಷ ಅದರ ಮೇಲೆ ಕೂತು ಚಹಾ ಕುಡಿದಿದ್ದೇನೆ.

ಮಾರ್ಚ್ 20, ಗುರುವಾರ

ಹದಿನಾಲ್ಕು ಹೊಲ. ಎಂಟನೇ ಪ್ರಶ್ನೆಯನ್ನು ಮೇಡಂ ಕೇಳಿದರು, ನಾನು ಕೇಳಲಿಲ್ಲ.

ಮಾರ್ಚ್ 24, ಸೋಮವಾರ

ಹಲ್ಲಿನ ಡಾಕ್ಟರು ಆಫೀಸಿಗೆ ಬಂದಿದ್ದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ, ಅವರು ಎದುರಿನ ಬೆಂಚಿನ ಮೇಲೆ ಸುಮ್ಮನೆ ಕೂತರು. "ಮೋಸ ಮಾಡ್ತಿದ್ದೀನಿ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ ನೋಡಿ. ಅಪ್ಪನ ಹೊಲ, ನನ್ನ ಹೆಸರು, ಬರ್ತಿತ್ತು, ತಗೋತಿದ್ದೆ" ಅಂದರು. ಹೋದ ವಾರವಾಗಿದ್ದರೆ ಚೆನ್ನಾಗಿ ಝಾಡಿಸುತ್ತಿದ್ದೆ. ಚಹಾ ತರಿಸಿದೆ. ಇಬ್ಬರೂ ಕುಡಿದೆವು. ಹೋಗುವಾಗ, ನಿಮ್ಮ ಕೆಳದವಡೆ ಊದಿದೆ, ಬನ್ನಿ ನೋಡ್ತೀನಿ ಅಂದರು.

ಅಕ್ಕನ ಭುಜವನ್ನು ಯಾರಿಗೆ ತೋರಿಸಬೇಕು ಅಂತ ಅವರನ್ನೇ ಕೇಳಬಹುದಿತ್ತು. ಹೊಳೆಯಲಿಲ್ಲ.

ಮಾರ್ಚ್ 28, ಶುಕ್ರವಾರ

ಮೇಡಂ ಕೋಣೆಗೆ ಹೋಗಿ, ಇನ್ನೂರ ಮೂರನೇ ಸಾಲು ತಪ್ಪಾಗಿದೆ ಅಂದೆ. ಅವರು ತಲೆ ಎತ್ತಲಿಲ್ಲ. "ಗೊತ್ತು ಸರ್. ನೀವಾಗಿ ಬರ್ತೀರೇನೋ ಅಂತ ಆ ಒಂದು ಹಾಳೆ ಪಕ್ಕಕ್ಕೆ ಇಟ್ಟಿದ್ದೆ. ಇವತ್ತು ಸಂಜೆಗೆ ಕಳಿಸಬೇಕಿತ್ತು" ಅಂದರು.

ಬೇಲಿಯೇ ಹೊಲ ಮೇಯ್ದಿದೆ ಮೇಡಂ ಅಂದೆ. ನನಗೆ ನನ್ನ ಮೇಲೇ ಅಸಹ್ಯವಾಗಿತ್ತು. ಆ ಹುಡುಗಿ ಎದ್ದು ಹೋಗಿ ಬಾಗಿಲು ಹಾಕಿ ಬಂದು ನೀರು ಕೊಟ್ಟಳು.

ನಿಯಮ ಓದಿ ಹೇಳಿದರು. ಸುಳ್ಳು ಸಹಿ ಹಾಕಿದವನು ಸಿಬ್ಬಂದಿಯಾದ್ದರಿಂದ ಹನ್ನೊಂದು ವರ್ಷದ್ದನ್ನೂ ಸಂಬಳದಲ್ಲಿ ಹಿಡಿಯುತ್ತಾರೆ. ಇಲಾಖೆಯ ವಿಚಾರಣೆಯೂ ನಡೆಯುತ್ತದೆ. ಒಂದೇ ಒಂದು ದಾರಿ ಇದೆ. ಬಂದ ಹಣವನ್ನು ಆಯಾ ವರ್ಷವೇ ಉಳುವವರ ಕೈಗೆ ಕೊಟ್ಟಿದ್ದರೆ, ಪಡೆದವರು ಹಾಗಂತ ಬರೆದುಕೊಟ್ಟರೆ, ವಸೂಲಿ ಇಲ್ಲ. "ಕೊಟ್ಟಿದ್ದೀರಾ ಸರ್?"

ಒಂದು ಸಲ ಅಕ್ಕನಿಗೆ ಕಂಬಳಿ ತಗೊಂಡು ಹೋಗಿದ್ದೆ. ನೀರಿನ ಲೋಟ ಮೇಜಿನ ಮೇಲಿಟ್ಟು ಎದ್ದೆ.

ಮಾರ್ಚ್ 30, ಭಾನುವಾರ

ನನ್ನಾಕೆ ಎರಡು ದಿನದಿಂದ ಮಾತು ಬಿಟ್ಟಿದ್ದಳು. ಇವತ್ತು ಬಿಟ್ಟ ಮಾತನ್ನೆಲ್ಲ ಒಟ್ಟಿಗೇ ಆಡಿದಳು. ಅಕಾಲದ ಮಳೆಗೆ ಮಾಡು ಸೋರುವ ಕಡೆ ಪಾತ್ರೆ ಇಡುತ್ತಾ, "ಕೇಳೋರು ಯಾರಿದ್ದರು? ನಿಮ್ಮ ಅಕ್ಕನೇ ಬಾಯಿ ಬಿಡಲಿಲ್ಲ, ನಿಮಗೇನಾಗಿತ್ತು?" ಅಂದಳು. ಅವಳದೂ ತಪ್ಪಲ್ಲ, ಮಾಡಂತೂ ಸೋರುತ್ತಲೇ ಇದೆ.

ಅಕ್ಕನ ಹೊಲಕ್ಕೆ ಹೋದೆ. ಹೇಳಿದ್ದೇ ತಡ, ಕೆಂಡವಾದಳು. "ಆ ಹುಡುಗಿ ಮುಂದೆ ನನ್ನ ಮಾತು ಸುಳ್ಳು ಮಾಡಿದೆಯಲ್ಲೋ! ಯಾರಿಗೋಸ್ಕರ ಹೇಳಿದೆ ನಾನು?" ಅಂತ ಬುಟ್ಟಿ ಬಿಸಾಕಿದಳು. ಆಲೂಗಡ್ಡೆ ಅಂಗಳ ತುಂಬಾ ಉರುಳಿದವು. ಇಬ್ಬರೂ ಬಗ್ಗಿ ಆರಿಸಿದೆವು. ಅವಳ ಬಲಗೈ ನೆಲದಿಂದ ಎದೆಯವರೆಗೆ ಬರುತ್ತದೆ, ಅದಕ್ಕಿಂತ ಮೇಲೆ ಬರುವುದಿಲ್ಲ. ಇವತ್ತು ನೋಡಿದೆ.

ನಮೂನೆಗೆ ಸಹಿ ಮಾತ್ರ ಹಾಕಿಕೊಟ್ಟಳು. ಟಿಲ್ಲರಿಗೋಸ್ಕರ ಅಂದಳು. ಚಹಾ ಕೊಡಲಿಲ್ಲ.

ಏಪ್ರಿಲ್ 1, ಮಂಗಳವಾರ

ಪಟ್ಟಿ ಅಂಟಿಸಿದೆ. ಅಂಟು ಮೈ ಕೈಯೆಲ್ಲ. ಇನ್ನೂರ ಮೂರು, ಅಕ್ಕನ ಹೆಸರು. ಜನ ನೂಕಾಡಿಕೊಂಡು ಓದಿದರು. ಬಟ್ಟೆ ಅಂಗಡಿಯವರು ನನ್ನ ಹೆಸರು ಹುಡುಕಿ ಸಿಗದೆ, ಓಹೋ ಅಂತ ಅಲ್ಲೇ ನಿಂತು ನಕ್ಕರು. ನಗಲಿ. ಮಂಡಿ ನೋವು, ದವಡೆ ನೋವು. ಬೇಗ ಮನೆಗೆ ಹೋದೆ.

ಏಪ್ರಿಲ್ 9, ಬುಧವಾರ

ನೋಟಿಸು ಬಂತು. ಜೊತೆಗೆ ತುಂಬಬೇಕಾದ ಒಂದು ಹಾಳೆ. ವರ್ಷಕ್ಕೊಂದರಂತೆ ಹನ್ನೊಂದು ಸಾಲು, ಪ್ರತಿ ಸಾಲಿನ ಎದುರು 'ಉಳುವವರಿಗೆ ಕೊಡಲಾಗಿದೆಯೇ?' ಅಂತ ಒಂದು ಖಾಲಿ ಚೌಕ.

ಹನ್ನೆರಡು ಗಂಟೆಗೆ ಕಿಟಕಿಯ ಹೊರಗೆ ಅಕ್ಕ. ಒಳಗೆ ಬರಬಹುದಿತ್ತು, ಎಲ್ಲರ ಹಾಗೆ ಸರದಿಯಲ್ಲಿ ನಿಂತು ಬಂದಿದ್ದಳು. ಹೊಸ ರವಿಕೆ. ಒಂದು ಕಾಗದ ತಳ್ಳಿದಳು. ಅವಳದೇ ದುಂಡು ಅಕ್ಷರ. 'ನನ್ನ ತಮ್ಮ ಹನ್ನೊಂದು ವರ್ಷವೂ ಹಣವನ್ನು ನನ್ನ ಕೈಗೆ ತಂದು ಕೊಟ್ಟಿರುತ್ತಾನೆ.' ಕೆಳಗೆ ಸಹಿ.

"ಮೇಡಂ ಹೊಲಕ್ಕೆ ಬಂದಿದ್ರು, ಟಿಲ್ಲರ್ ಕಾಗದ ತಗೊಂಡು. ಹೀಗೆ ಬರೆದುಕೊಟ್ರೆ ಸಂಬಳ ಹಿಡಿಯಲ್ವಂತೆ, ನಾನೇ ಕೇಳಿ ತಿಳ್ಕೊಂಡೆ. ತಗೋ. ಮನೆ ಮಾಡು ರಿಪೇರಿ ಮಾಡ್ಸು."

"ಅಕ್ಕ, ಇದು ಸುಳ್ಳು. ಎಷ್ಟು ಬರ್ತಿತ್ತು ಅಂತಾನೂ ನಿನಗೆ ಗೊತ್ತಿರಲಿಲ್ಲ."

"ಯಾಕೆ ಗೊತ್ತಿರಲ್ಲ? ಗೋಡೆ ಮೇಲೆ ಬರೆದಿರ್ತಿರಲಿಲ್ವಾ?" ಅಂದಳು. "ಪ್ರತಿ ವರ್ಷ ಪಟ್ಟಿ ಅಂಟಿಸಿದ ಮಾರನೇ ದಿನ ಬಸ್ಸು ಹತ್ತಿ ಬಂದು ಓದ್ತಿದ್ದೆ. ನೀನು ಇಲ್ಲೇ ತಲೆ ಬಗ್ಗಿಸಿ ಬರೀತಾ ಕೂತಿರ್ತಿದ್ದೆ, ಕರೀತಿರಲಿಲ್ಲ. ಎಷ್ಟು ಅಂತ ನೋಡ್ಕೊಂಡು ಹೋಗ್ತಿದ್ದೆ. ಆ ಭಾನುವಾರ ಮನೆ ಗುಡಿಸಿ ಸಾರಿಸಿ ಇಟ್ಟಿರ್ತಿದ್ದೆ. ಈ ಸಲ ಪುಟ್ಟ ತರ್ತಾನೆ ಅಂತ."

"ಕೇಳಬಹುದಿತ್ತಲ್ಲಕ್ಕ."

"ಕೇಳಿ ಇಸ್ಕೊಂಡ್ರೆ ನೀನು ಕೊಟ್ಟ ಹಾಗೆ ಆಗ್ತಿತ್ತೇನೋ?"

ಸರದಿಯಲ್ಲಿದ್ದ ಯಾರೋ ಬೇಗ ಬೇಗ ಅಂದರು. ಅವಳ ಕಾಗದವನ್ನು ಮಡಚಿ ಅವಳ ಕೈಗೇ ಕೊಟ್ಟೆ. ನೋಟಿಸಿನ ಹಾಳೆ ಎಳೆದುಕೊಂಡು ಮೊದಲ ಸಾಲಿನಲ್ಲಿ 'ಇಲ್ಲ' ಅಂತ ಬರೆದೆ. ಎರಡನೆಯದರಲ್ಲೂ. 'ಮೇಲಿನಂತೆ' ಅಂತ ಒಂದು ಗೆರೆ ಎಳೆದರೆ ಸಾಕಿತ್ತು, ಎಳೆಯಲಿಲ್ಲ. ಹನ್ನೊಂದು ಸಲ ಬರೆದೆ. ಅಕ್ಕ ಕಿಟಕಿಯ ಸರಳು ಹಿಡಿದು ನಿಂತು, ಒಂದೊಂದು ಸಾಲನ್ನೂ ಕೊನೆಯವರೆಗೆ ಓದಿದಳು.